ಗುಂಡು ತಾಗದ ಸಾವು: ಯುದ್ಧಕಾಲದ ಅಪಘಾತದಲ್ಲಿ ಮಗಳು ಹೋದರೆ ಮುಂದೇನು?

2015ರ ಮಾರ್ಚ್ 24ರ ರಾತ್ರಿ ಗೋವಾದ ಐಎನ್‌ಎಸ್ ಹಂಸ ನೆಲೆಯಿಂದ ಹಾರಿದ ನೌಕಾಪಡೆಯ ಡಾರ್ನಿಯರ್ ವಿಮಾನ ಅರಬ್ಬಿ ಸಮುದ್ರಕ್ಕೆ ಬಿತ್ತು. ಒಳಗೆ ಮೂವರಿದ್ದರು. ಕಮಾಂಡರ್ ನಿಖಿಲ್ ಜೋಶಿ ಅವರನ್ನು ಮೀನುಗಾರರ ದೋಣಿಯೊಂದು ಎತ್ತಿಕೊಂಡು ಉಳಿಸಿತು. ಲೆಫ್ಟಿನೆಂಟ್ ಅಭಿನವ್ ನಾಗೋರಿ ಮತ್ತು ಲೆಫ್ಟಿನೆಂಟ್ ಕಿರಣ್ ಶೇಖಾವತ್ ಉಳಿಯಲಿಲ್ಲ. ನೀರಿನಡಿ ಇದ್ದ ವಿಮಾನವನ್ನು ಪತ್ತೆ ಹಚ್ಚಿದ್ದು ನಮ್ಮ ಕಾರವಾರದಲ್ಲೇ ನೆಲೆ ಇರುವ ಐಎನ್‌ಎಸ್ ಮಕರ್ ಎಂಬ ಸಮೀಕ್ಷಾ ಹಡಗು. ಕಿರಣ್ ಅವರ ದೇಹ ಎರಡು ದಿನದ ನಂತರ ಸಿಕ್ಕಿತು. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಅದೇ ವರ್ಷದ ಗಣರಾಜ್ಯೋತ್ಸವದಲ್ಲಿ ನೌಕಾಪಡೆಯ ಮೊದಲ ಮಹಿಳಾ ತುಕಡಿ ದೆಹಲಿಯಲ್ಲಿ ಹೆಜ್ಜೆ ಹಾಕಿದಾಗ ಅವರೂ ಅದರಲ್ಲಿದ್ದರು. ಕರ್ತವ್ಯದಲ್ಲಿದ್ದಾಗಲೇ ಪ್ರಾಣ ಕಳೆದುಕೊಂಡ ನೌಕಾಪಡೆಯ ಮೊದಲ ಮಹಿಳಾ ಅಧಿಕಾರಿ ಅವರು.

ಅದು ಯುದ್ಧದ ಸಮಯವಾಗಿರಲಿಲ್ಲ. ತರಬೇತಿಯ ಹಾರಾಟ. ಇಂಥದ್ದೇ ಒಂದು ಅಪಘಾತ ಯುದ್ಧ ನಡೆಯುತ್ತಿರುವಾಗ ಆದರೆ? ಸತ್ತವಳು ಅಂಕೋಲಾದ ಅಥವಾ ಸಿರ್ಸಿಯ ಇಪ್ಪತ್ತು ವರ್ಷದ ಹುಡುಗಿಯಾಗಿದ್ದರೆ? ಸರ್ಕಾರದ ಕಾಗದದಲ್ಲಿ ಅದು ಯಾವ ಸಾವು? ಅಪ್ಪ ಅಮ್ಮನಿಗೆ ಏನು ಸಿಗುತ್ತದೆ, ಏನು ತಿಳಿಯುತ್ತದೆ?

ಈ ಪ್ರಶ್ನೆ ಈಗ ಕೇಳಲೇಬೇಕು. 2025ರ ಏಪ್ರಿಲ್ 22ರಂದು ಪಹಲ್ಗಾಮ್ ದಾಳಿ ಆಯಿತು. ಮೇ 7ಕ್ಕೆ ಆಪರೇಷನ್ ಸಿಂಧೂರ ಶುರುವಾಗಿ, 10ರಂದು ಗುಂಡಿನ ಸದ್ದು ನಿಂತಿತು. ಆ ದಿನಗಳಲ್ಲಿ ವಿಮಾನವಾಹಕ ವಿಕ್ರಾಂತ್ ಸೇರಿದಂತೆ ನೌಕಾಪಡೆಯ ಹಡಗುಗಳು ಅರಬ್ಬಿ ಸಮುದ್ರದ ಉತ್ತರ ಭಾಗದಲ್ಲಿ ನಿಂತಿದ್ದವು. ರಾಜ್ಯದಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗೆ ಆರಿಸಿದ ಊರುಗಳಲ್ಲಿ ಬೆಂಗಳೂರು, ರಾಯಚೂರಿನ ಜೊತೆ ಕಾರವಾರವೂ ಇತ್ತು. ಅರ್ಗಾದಲ್ಲಿ ಕದಂಬ ನೌಕಾನೆಲೆ ಇದೆ, ಒಳಗೆ ಹೋದರೆ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. ಯುದ್ಧ ಅಂದರೆ ಎಲ್ಲೋ ಕಾಶ್ಮೀರದ ಸುದ್ದಿ ಎಂದುಕೊಂಡು ಕೂರುವ ಊರಲ್ಲ ಇದು.

ಇನ್ನೊಂದು ಕಡೆ, ನೌಕಾಪಡೆಗೆ ಹುಡುಗಿಯರು ಈಗ ಅಧಿಕಾರಿಗಳಾಗಿ ಮಾತ್ರ ಹೋಗುತ್ತಿಲ್ಲ. 2023ರ ಮಾರ್ಚ್ 28ರಂದು ಒಡಿಶಾದ ಐಎನ್‌ಎಸ್ ಚಿಲ್ಕಾದಿಂದ ಹೊರಬಂದ, ನಾಲ್ಕು ವರ್ಷದ ಅವಧಿಗೆ ಸೇರುವ ಅಗ್ನಿವೀರರ ಮೊದಲ ತಂಡದಲ್ಲಿ 273 ಹುಡುಗಿಯರಿದ್ದರು. ಪಿಯುಸಿ ಮುಗಿಸಿ ನೇರವಾಗಿ ನಾವಿಕರಾಗುವ ದಾರಿ ಅದು. ನಮ್ಮ ಕರಾವಳಿಯ ಹುಡುಗಿಯರಿಗೆ, ಅದರಲ್ಲೂ ಎನ್‌ಸಿಸಿಯಲ್ಲಿ ಬಿಳಿ ಸಮವಸ್ತ್ರ ತೊಟ್ಟು ದೋಣಿಗೆ ಹುಟ್ಟು ಹಾಕಿದವರಿಗೆ, ಇದು ದೂರದ ಕನಸಲ್ಲ. ಹೋಗಲಿ, ಹೋಗಬೇಕು. ಆದರೆ ಅವರನ್ನು ಕಳಿಸುವ ಮನೆಗೆ ಪೂರ್ತಿ ಮಾಹಿತಿ ಇರಬೇಕು ಅಲ್ವಾ?

ಯುದ್ಧ ಬಂದಾಗ ಅಪಘಾತ ಜಾಸ್ತಿಯಾಗುತ್ತದೆ

ಯುದ್ಧದಲ್ಲಿ ಸೈನಿಕರು ಸಾಯುವುದು ಶತ್ರುವಿನ ಗುಂಡಿನಿಂದ ಎಂದು ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಲೆಕ್ಕ ಬೇರೆಯೇ ಹೇಳುತ್ತದೆ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಆಪರೇಷನ್ ಪರಾಕ್ರಮ್ ಶುರುವಾಯಿತು. ಲಕ್ಷಾಂತರ ಸೈನಿಕರು ಹತ್ತು ತಿಂಗಳು ಗಡಿಯಲ್ಲಿ ನಿಂತರು. ಯುದ್ಧ ಆಗಲೇ ಇಲ್ಲ. ಆದರೂ ಸತ್ತವರು 798 ಮಂದಿ ಎಂದು ಆಗಿನ ರಕ್ಷಣಾ ಸಚಿವ ಜಾರ್ಜ್ ಫರ್ನಾಂಡಿಸ್ ಸಂಸತ್ತಿಗೆ ತಿಳಿಸಿದರು. ನೆಲಬಾಂಬ್ ಹುಗಿಯುವಾಗ, ತೆಗೆಯುವಾಗ, ಮದ್ದುಗುಂಡು ಸಾಗಿಸುವಾಗ, ವಾಹನ ಉರುಳಿ ಸತ್ತವರು ಅದರಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡ್ 55 ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಅವರಲ್ಲಿ ಸುಮಾರು 8,000 ಮಂದಿ ಶತ್ರುವಿನ ನೆಲ ನೋಡಲೇ ಇಲ್ಲ. ತರಬೇತಿಯಲ್ಲಿ ಮತ್ತು ಇತರ ಅಪಘಾತಗಳಲ್ಲಿ ತಮ್ಮ ನೆಲದಲ್ಲೇ ಸತ್ತರು.

ಕಾರಣ ಹುಡುಕಲು ಕಷ್ಟಪಡಬೇಕಿಲ್ಲ. ಯುದ್ಧಕಾಲದಲ್ಲಿ ಪಾಳಿ ಉದ್ದವಾಗುತ್ತದೆ, ನಿದ್ದೆ ಕಡಿಮೆಯಾಗುತ್ತದೆ. ಹಡಗು, ರನ್‌ವೇ, ರಸ್ತೆ ಎಲ್ಲ ಕಡೆ ದೀಪ ಆರಿಸುತ್ತಾರೆ. 1939ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಬೀದಿದೀಪ ಆರಿಸಿದ ಕೂಡಲೇ ರಸ್ತೆ ಅಪಘಾತದ ಸಾವು ಸುಮಾರು ಎರಡು ಪಟ್ಟಾಯಿತು. ಆಗ ಲಂಡನ್ ಮೇಲೆ ಒಂದೂ ಬಾಂಬ್ ಬಿದ್ದಿರಲಿಲ್ಲ. ದುರಸ್ತಿಗೆ ನಿಲ್ಲಬೇಕಾದ ಹಡಗು, ವಿಮಾನ ಇನ್ನೊಂದು ಸುತ್ತು ಹೋಗುತ್ತದೆ. ಆರು ತಿಂಗಳ ತರಬೇತಿ ಮೂರಕ್ಕೆ ಇಳಿಯುತ್ತದೆ. ಹೊಸಬರ ಕೈಗೆ ದೊಡ್ಡ ಕೆಲಸ ಬೀಳುತ್ತದೆ. ರಜೆಗೆ ಬಂದವರನ್ನು ರಾತ್ರೋರಾತ್ರಿ ವಾಪಸ್ ಕರೆಸುತ್ತಾರೆ. ಸಿಕ್ಕ ರೈಲು, ಸಿಕ್ಕ ಬಸ್ಸು ಹತ್ತಿ ಹೊರಡುತ್ತಾರೆ.

ಹೀಗೆ ಆದ ಸಾವನ್ನು ಊರಲ್ಲಿ "ಪಾಪ, ಅವಳ ಹಣೆಬರಹ" ಎಂದು ಮುಗಿಸಿಬಿಡುತ್ತಾರೆ. ಹಣೆಬರಹ ಅಲ್ಲ. ಯುದ್ಧ ಇಲ್ಲದಿದ್ದರೆ ಆ ಹೊತ್ತಿಗೆ ಅವಳು ಆ ಕತ್ತಲಲ್ಲಿ, ಆ ಡೆಕ್ಕಿನ ಮೇಲೆ ಇರುತ್ತಿರಲಿಲ್ಲ. ಆದ್ದರಿಂದ ಅದು ಯುದ್ಧದ್ದೇ ಸಾವು. ನಾನು ಇಲ್ಲಿ ಹೇಳಬೇಕೆಂದಿರುವುದು ಇದೇ.

ಚೆಂಡಿಯಾದಲ್ಲಿ ಹುಟ್ಟಿದ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆ ಕಾರವಾರದ ಕಡಲ ತೀರದಲ್ಲಿದೆ. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದವರಲ್ಲಿ ಮೊದಲಿಗರು. 1948ರ ಏಪ್ರಿಲ್‌ನಲ್ಲಿ ನೌಶೇರಾ-ರಜೌರಿ ದಾರಿಯಲ್ಲಿ ಅವರು ಮಾಡಿದ್ದು ನೆಲಬಾಂಬ್ ತೆಗೆಯುವ, ಮರ-ಬಂಡೆಗಳ ತಡೆ ಸರಿಸಿ ಟ್ಯಾಂಕುಗಳಿಗೆ ದಾರಿ ಬಿಡಿಸುವ ಕೆಲಸ. ಅಂಥ ಕೆಲಸದಲ್ಲಿ ಶತ್ರುವಿನ ಗುಂಡು ಬೇರೆ, ಕೈ ತಪ್ಪಿ ಆಗುವ ಸ್ಫೋಟ ಬೇರೆ ಎಂದು ಗೆರೆ ಎಳೆಯಲು ಆಗುತ್ತದೆಯೇ? ಎರಡೂ ಅಪಾಯವನ್ನು ಒಟ್ಟಿಗೆ ಹೊತ್ತುಕೊಂಡೇ ಅವರು ಮುಂದೆ ತೆವಳಿದರು.

ಕಾಗದದಲ್ಲಿ ಯಾವ ಸಾವು?

ಸೇನೆಯಲ್ಲಿ ಯಾರಾದರೂ ಸತ್ತಾಗ ಮೊದಲು ಆಗುವ ನಿರ್ಧಾರ ಇದು: ಯುದ್ಧದ ಸಾವೋ, ಅಲ್ಲವೋ. ಸೇನೆಯವರು ಒಂದನ್ನು 'ಬ್ಯಾಟಲ್ ಕ್ಯಾಶುವಾಲ್ಟಿ', ಇನ್ನೊಂದನ್ನು 'ಫಿಸಿಕಲ್ ಕ್ಯಾಶುವಾಲ್ಟಿ' ಅನ್ನುತ್ತಾರೆ. ಘಟಕದಿಂದ ಹೋಗುವ ಮೊದಲ ವರದಿಯಲ್ಲೇ ಈ ಮಾತು ಬರುತ್ತದೆ. ಆ ಹೊತ್ತಿಗೆ ಮನೆಯವರು ಇನ್ನೂ ಅಳುತ್ತಾ ಕೂತಿರುತ್ತಾರೆ. ಇಂಥದ್ದೊಂದು ಪದ ಬರೆದು ಹೋಗಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಪಿಂಚಣಿಗಾಗಿ ಸರ್ಕಾರ 2001ರ ಜನವರಿ 31ರ ಆದೇಶದಲ್ಲಿ ಸಾವನ್ನು ಎ ಯಿಂದ ಇ ವರೆಗೆ ಐದು ವರ್ಗ ಮಾಡಿದೆ. ಎ ಅಂದರೆ ಸೇವೆಗೆ ಸಂಬಂಧವೇ ಇಲ್ಲದ ಸಾವು. ಬಿ ಅಂದರೆ ಸೇವೆಯಿಂದ ಬಂದ ಅಥವಾ ಹೆಚ್ಚಾದ ಕಾಯಿಲೆಯ ಸಾವು. ಸಿ ಅಂದರೆ ಕರ್ತವ್ಯದಲ್ಲಿದ್ದಾಗ ಆದ ಅಪಘಾತ. ಡಿ ಯಲ್ಲಿ ಭಯೋತ್ಪಾದಕರು, ಸಮಾಜಘಾತಕರ ಕೃತ್ಯಗಳು ಬರುತ್ತವೆ. ಶತ್ರುವಿನ ಕ್ರಮ, ಗಡಿಯ ಚಕಮಕಿ, ಸರ್ಕಾರ ವಿಶೇಷವಾಗಿ ಸೂಚಿಸಿದ ಕಾರ್ಯಾಚರಣೆಗಳು ಇ ಯಲ್ಲಿವೆ.

ಈ ಅಕ್ಷರಗಳ ಬೆಲೆ ಎಷ್ಟು ನೋಡಿ. ಕೊನೆಯ ಸಂಬಳ ತಿಂಗಳಿಗೆ 60,000 ರೂಪಾಯಿ ಇತ್ತು ಎಂದಿಟ್ಟುಕೊಳ್ಳೋಣ. ಡಿ ಅಥವಾ ಇ ಆದರೆ ಉದಾರೀಕೃತ ಕುಟುಂಬ ಪಿಂಚಣಿ. ಅದು ಕೊನೆಯ ಸಂಬಳದಷ್ಟೇ, ಅಂದರೆ 60,000. ಬಿ ಅಥವಾ ಸಿ ಆದರೆ ವಿಶೇಷ ಕುಟುಂಬ ಪಿಂಚಣಿ. ಅದು ಶೇ. 60, ಅಂದರೆ 36,000. ಎ ಆದರೆ ಸಾಮಾನ್ಯ ಕುಟುಂಬ ಪಿಂಚಣಿ. ಮೊದಲ ಕೆಲವು ವರ್ಷ ಅರ್ಧ, ಆಮೇಲೆ ಶೇ. 30. ತುಟ್ಟಿಭತ್ಯೆ ಇದರ ಮೇಲೆ ಬೇರೆ. ಒಮ್ಮೆಗೆ ಕೊಡುವ ಪರಿಹಾರದಲ್ಲೂ ಇದೇ ಮೆಟ್ಟಿಲುಗಳಿವೆ. 2016ರ ಆದೇಶದಂತೆ ಕರ್ತವ್ಯದಲ್ಲಿ ಅಪಘಾತಕ್ಕೆ 25 ಲಕ್ಷ, ಗಡಿ ಚಕಮಕಿಗೆ 35 ಲಕ್ಷ, ಯುದ್ಧದಲ್ಲಿ ಶತ್ರುವಿನಿಂದಾದ ಸಾವಿಗೆ 45 ಲಕ್ಷ. ಇವೆಲ್ಲ ಪೂರ್ಣಾವಧಿ ಸೇವೆಯವರ ಲೆಕ್ಕ. ಸತ್ತವಳಿಗೆ ಮದುವೆ ಆಗಿದ್ದರೆ ಪಿಂಚಣಿ ಗಂಡನಿಗೆ, ಮಕ್ಕಳಿಗೆ. ಆಗಿರದಿದ್ದರೆ ಅಪ್ಪ ಅಮ್ಮನಿಗೆ ಅವಲಂಬಿತರ ಪಿಂಚಣಿ, ಅದೂ ಸ್ವಲ್ಪ ಕಡಿಮೆ ದರದಲ್ಲಿ.

ಯುದ್ಧಕಾಲದ ಅಪಘಾತ ಬಂದು ಸಿಕ್ಕಿಕೊಳ್ಳುವುದು ಸಿ ಮತ್ತು ಇ ಗಳ ನಡುವೆ. ನಿಯಮಗಳು ಪೂರ್ತಿ ಕಲ್ಲಾಗಿಲ್ಲ ಎಂಬುದನ್ನೂ ಹೇಳಬೇಕು. ಗಡಿಯ ಹತ್ತಿರ ಕಾರ್ಯಾಚರಣೆಗಾಗಿ ಹಾಕಿದ ನೆಲಬಾಂಬ್ ಆಕಸ್ಮಿಕವಾಗಿ ಸಿಡಿದು ಸತ್ತರೆ ಅದು ಇ ವರ್ಗಕ್ಕೇ ಸೇರುತ್ತದೆ. ಅಂದರೆ ಅಪಘಾತವೂ ಯುದ್ಧದ ಸಾವಾಗಬಹುದು ಎಂದು ಸರ್ಕಾರವೇ ಒಪ್ಪಿದೆ. ಜಗಳ ಇರುವುದು, ಎಲ್ಲಿಯವರೆಗೆ ಒಪ್ಪುತ್ತದೆ ಎಂಬುದರಲ್ಲಿ. ಸಮುದ್ರದಲ್ಲಿ ಕತ್ತಲಲ್ಲಿ ಓಡುತ್ತಿದ್ದ ಹಡಗಿನ ಡೆಕ್ಕಿನಿಂದ ಜಾರಿ ಬಿದ್ದರೆ? ಕ್ಷಿಪಣಿ ಲೋಡ್ ಮಾಡುವಾಗ ಕ್ರೇನ್ ತಪ್ಪಿದರೆ? ಗಡಿ ರೇಖೆ ನೆಲದ ಮೇಲೆ ಇದೆ. ಸಮುದ್ರದಲ್ಲಿ "ಕಾರ್ಯಾಚರಣೆಯ ಪ್ರದೇಶ" ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಯಾರು ತೋರಿಸುತ್ತಾರೆ? ನನ್ನ ಪ್ರಕಾರ ನೌಕಾಪಡೆಯ ಕುಟುಂಬಗಳಿಗೆ ಇರುವ ದೊಡ್ಡ ತೊಂದರೆ ಇದು. ಸೇನೆಯ ಗಡಿ ಕಣ್ಣಮುಂದಿಟ್ಟು ಬರೆದ ನಿಯಮ ಹಡಗಿಗೆ ಸರಿಯಾಗಿ ಹೊಂದುವುದಿಲ್ಲ.

ಒಂದು ಪ್ರಕರಣ ನೋಡಿದರೆ ಇದರ ನೋವು ತಿಳಿಯುತ್ತದೆ. 2013ರ ಜನವರಿಯಲ್ಲಿ ಜಮ್ಮು ಕಾಶ್ಮೀರದಲ್ಲಿ ಗಸ್ತಿನಲ್ಲಿದ್ದ ಒಬ್ಬ ಯೋಧ ವಿಪರೀತ ಚಳಿಯಲ್ಲಿ ಉಸಿರಾಟದ ತೊಂದರೆಯಾಗಿ ತೀರಿಕೊಂಡರು. ಮೊದಲು ಯುದ್ಧದ ಸಾವು ಎಂದು ಬರೆದರು. ಆಮೇಲೆ ಅದನ್ನು ಬದಲಿಸಿದರು. ಹೆಂಡತಿಗೆ ವಿಶೇಷ ಪಿಂಚಣಿ ಸಿಕ್ಕಿತು, ಉದಾರೀಕೃತ ಪಿಂಚಣಿ ಸಿಗಲಿಲ್ಲ. ಅವರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು. 2019ರಲ್ಲಿ ಅಲ್ಲಿ ಗೆದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. 2024ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ಮೇಲ್ಮನವಿ ವಜಾ ಮಾಡಿತು. ಕರ್ತವ್ಯದಲ್ಲಿ ಸತ್ತ ಯೋಧನ ಹೆಂಡತಿಯನ್ನು ಇಲ್ಲಿಯವರೆಗೆ ಎಳೆದು ತರಬಾರದಿತ್ತು ಎಂದು ಹೇಳಿ, ಅವರಿಗೆ 50,000 ರೂಪಾಯಿ ಕೊಡುವಂತೆಯೂ ಸರ್ಕಾರಕ್ಕೆ ಆದೇಶಿಸಿತು. ಸಾವಿನಿಂದ ತೀರ್ಪಿಗೆ ಹನ್ನೊಂದು ವರ್ಷ ದಾಟಿತ್ತು.

ನಮ್ಮ ಜಿಲ್ಲೆಯವರಿಗೆ ಈ ಕಾಯುವಿಕೆ ಹೊಸದಲ್ಲ. ಕದಂಬ ನೌಕಾನೆಲೆ ಕಟ್ಟಿದ ಸೀಬರ್ಡ್ ಯೋಜನೆಗಾಗಿ ಭೂಮಿ, ಮನೆ, ದೋಣಿ ಕಟ್ಟುವ ದಂಡೆ ಬಿಟ್ಟುಕೊಟ್ಟ ಕುಟುಂಬಗಳು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಸುತ್ತಿದ್ದನ್ನು ನೋಡಿದ್ದೇವೆ. ಕಾಗದದಲ್ಲಿ ಒಂದು ಪದ ತಪ್ಪಾದರೆ ಒಂದು ತಲೆಮಾರೇ ಕಳೆದುಹೋಗುತ್ತದೆ ಎಂದು ಬೈತಖೋಲ, ಅರ್ಗಾ, ಬಿಣಗಾ ಕಡೆಯ ಹಿರಿಯರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಅಗ್ನಿವೀರ್ ಹುಡುಗಿಯ ಮನೆಗೆ

2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಲೆಕ್ಕ ಬೇರೆ. ಸಾವು ಯಾವ ಕಾರಣಕ್ಕೇ ಆದರೂ 48 ಲಕ್ಷ ವಿಮೆ ಇದೆ. ಸೇವೆಯ ಕಾರಣಕ್ಕೆ ಆದ ಸಾವಾದರೆ ಅದರ ಮೇಲೆ 44 ಲಕ್ಷ ಪರಿಹಾರ, ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ಸಂಬಳ ಮತ್ತು ಸೇವಾ ನಿಧಿ, ಅಂದರೆ ಅವಧಿ ಮುಗಿದಾಗ ಒಮ್ಮೆಗೆ ಕೊಡುವ ಮೊತ್ತ. ಇಲ್ಲಿ ಅಪಘಾತಕ್ಕೂ ಶತ್ರುವಿನ ಗುಂಡಿಗೂ ಆ 44 ಲಕ್ಷದಲ್ಲಿ ವ್ಯತ್ಯಾಸ ಇಲ್ಲ. ಒಳ್ಳೆಯದೇ. ಆದರೆ ಪಿಂಚಣಿಯೇ ಇಲ್ಲ. ಯಾವ ವರ್ಗವಾದರೂ ಇಲ್ಲ.

ಅಗ್ನಿವೀರರು ಅವಿವಾಹಿತರಾಗಿರಬೇಕು. ಹಾಗಾಗಿ ಹುಡುಗಿ ಹೋದರೆ ಉಳಿಯುವುದು ಅಪ್ಪ ಅಮ್ಮ. ಅದೇ ಹಡಗಿನಲ್ಲಿ, ಅದೇ ಬೆಂಕಿಯಲ್ಲಿ ಪೂರ್ಣಾವಧಿಯ ನಾವಿಕ ಸತ್ತರೆ ಅವನ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಇವಳ ಅಪ್ಪ ಅಮ್ಮನಿಗೆ ಒಮ್ಮೆ ದೊಡ್ಡ ಮೊತ್ತ, ಆಮೇಲೆ ಏನೂ ಇಲ್ಲ. ದೊಡ್ಡ ಮೊತ್ತ ಒಮ್ಮೆಗೆ ಬಂದ ಮನೆಯಲ್ಲಿ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಸಾಲ ಕೇಳುವವರು ಬರುತ್ತಾರೆ, ಪಾಲು ಕೇಳುವವರು ಬರುತ್ತಾರೆ. ಐವತ್ತು ವಯಸ್ಸಿನ ಮೀನುಗಾರ ಅಪ್ಪನಿಗೆ ಇನ್ನೂ ಮೂವತ್ತು ವರ್ಷ ಬದುಕಿದೆ.

ಕರ್ತವ್ಯದಲ್ಲಿ ಸತ್ತ ಅಗ್ನಿವೀರರ ಕುಟುಂಬಕ್ಕೂ ಸಾಮಾನ್ಯ ಯೋಧರ ಹಾಗೆಯೇ ಪಿಂಚಣಿ ಸೌಲಭ್ಯ ಕೊಡಬೇಕು ಎಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ 2024ರಲ್ಲಿ ಶಿಫಾರಸು ಮಾಡಿದೆ. ಇದು ವಿರೋಧ ಪಕ್ಷದ ಬೇಡಿಕೆ ಎಂದು ತಳ್ಳಿಹಾಕುವ ಮಾತಲ್ಲ. ಎಲ್ಲ ಪಕ್ಷದವರೂ ಇರುವ ಸಮಿತಿ ಅದು. ಒಂದೇ ಬೆಂಕಿಗೆ ಎರಡು ದರ ಇರಬಾರದು. ಇದರಲ್ಲಿ ವಾದ ಮಾಡಲು ಏನೂ ಉಳಿದಿಲ್ಲ ಎಂದು ನನಗೆ ಅನಿಸುತ್ತದೆ.

"ಹುಡುಗಿಯರಿಗೆ ಯಾಕೆ ಬೇಕಿತ್ತು?"

ಹಣದ ಮಾತು ಒಂದು. ಸತ್ತವಳು ಹೆಣ್ಣಾದರೆ ಇನ್ನೊಂದು ಮಾತು ಬರುತ್ತದೆ. ಮೂರನೇ ದಿನಕ್ಕೇ ಬರುತ್ತದೆ.

1994ರ ಅಕ್ಟೋಬರ್ 25ರಂದು ಅಮೆರಿಕ ನೌಕಾಪಡೆಯ ಲೆಫ್ಟಿನೆಂಟ್ ಕಾರಾ ಹಲ್ಟ್‌ಗ್ರೀನ್ ಸ್ಯಾನ್ ಡಿಯಾಗೋ ಹತ್ತಿರ ಅಬ್ರಹಾಂ ಲಿಂಕನ್ ಎಂಬ ವಿಮಾನವಾಹಕ ಹಡಗಿಗೆ ಇಳಿಯುವಾಗ ಎಫ್-14 ವಿಮಾನ ಸಮುದ್ರಕ್ಕೆ ಬಿತ್ತು. ಹಿಂದೆ ಕೂತಿದ್ದ ಅಧಿಕಾರಿ ಬದುಕಿದರು, ಕಾರಾ ಸತ್ತರು. ವಿಮಾನವಾಹಕ ಹಡಗಿನ ಯುದ್ಧವಿಮಾನ ಹಾರಿಸಿದ ಅಲ್ಲಿನ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಇಳಿಯುವ ಹೊತ್ತಿಗೆ ಎಡ ಎಂಜಿನ್ ಕೈಕೊಟ್ಟಿತ್ತು. ಆದರೆ ದೇಹ ಸಿಗುವ ಮೊದಲೇ, ಅವಳಿಗೆ ಅರ್ಹತೆ ಇರಲಿಲ್ಲ, ಹೆಣ್ಣೆಂದು ಪಾಸು ಮಾಡಿದರು ಎಂಬ ಹೆಸರಿಲ್ಲದ ಫ್ಯಾಕ್ಸ್‌ಗಳು ಪತ್ರಿಕೆ, ಟೀವಿಗಳಿಗೆ ಹೋಗತೊಡಗಿದವು. ಕೊನೆಗೆ ಅವಳ ಅಮ್ಮ ಮಗಳ ತರಬೇತಿಯ ದಾಖಲೆಗಳನ್ನು ಹೊರಗೆ ತಂದು ಜನರ ಮುಂದಿಟ್ಟರು. ಮಗಳನ್ನು ಮಣ್ಣು ಮಾಡಿದ ಅಮ್ಮ, ಮಗಳ ಅಂಕಪಟ್ಟಿ ತೋರಿಸಿ ಅವಳ ಮರ್ಯಾದೆ ಉಳಿಸಬೇಕಾಯಿತು.

ಇದು ಅಮೆರಿಕದ ಕತೆ ಎಂದು ಬಿಡುವ ಹಾಗಿಲ್ಲ. 2020ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟು, ಸೇನೆಯಲ್ಲೂ ನೌಕಾಪಡೆಯಲ್ಲೂ ಮಹಿಳಾ ಅಧಿಕಾರಿಗಳಿಗೆ ಶಾಶ್ವತ ನೇಮಕದ ದಾರಿ ತೆರೆಯಿತು. ಆ ಪ್ರಕರಣದಲ್ಲಿ ಹೆಣ್ಣಿನ ದೇಹಶಕ್ತಿ, ಸಂಸಾರದ ಹೊಣೆ ಎಂದೆಲ್ಲ ಸರ್ಕಾರದ ಕಡೆಯಿಂದಲೇ ವಾದ ಬಂದಿತ್ತು. ಕೋರ್ಟಿನಲ್ಲಿ ಸೋತ ಆ ವಾದ ಚಹಾ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಇನ್ನೂ ಬದುಕಿದೆ. ಒಂದು ಅಪಘಾತ ಸಾಕು, ಎದ್ದು ಬರುತ್ತದೆ.

2019ರ ಏಪ್ರಿಲ್ 26ರಂದು ವಿಕ್ರಮಾದಿತ್ಯ ಹಡಗು ಕಾರವಾರ ಬಂದರಿಗೆ ಬರುತ್ತಿದ್ದಾಗ ಒಳಗೆ ಬೆಂಕಿ ಹತ್ತಿತು. ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾನ್ ಬೆಂಕಿ ನಂದಿಸಲು ಮುಂದೆ ನಿಂತರು. ಹೊಗೆಯಿಂದ ಪ್ರಜ್ಞೆ ತಪ್ಪಿತು. ಇಲ್ಲಿನ ನೌಕಾ ಆಸ್ಪತ್ರೆ ಪತಂಜಲಿಗೆ ತಂದರೂ ಉಳಿಯಲಿಲ್ಲ. ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಇಡೀ ಕಾರವಾರ ಮರುಗಿತು. ಗಂಡಸರನ್ನು ಹಡಗಿಗೆ ಯಾಕೆ ಕಳಿಸಬೇಕಿತ್ತು ಎಂದು ಆಗ ಯಾರೂ ಕೇಳಲಿಲ್ಲ. ಕೇಳುವುದು ಅಸಂಬದ್ಧ ಎಂದು ಎಲ್ಲರಿಗೂ ಗೊತ್ತಿತ್ತು. ಅದೇ ತಿಳಿವಳಿಕೆ ಹುಡುಗಿಯ ವಿಷಯದಲ್ಲೂ ಇರಲಿ.

ಇನ್ನೂ ಹಳೆಯ ಅನ್ಯಾಯ ಬೇಕೆಂದರೆ ಎರಡನೇ ಮಹಾಯುದ್ಧದ ಅಮೆರಿಕದ ಮಹಿಳಾ ಪೈಲಟ್‌ಗಳನ್ನು ನೋಡಬೇಕು. ವಾಸ್ಪ್ ಎಂದು ಕರೆಯುತ್ತಿದ್ದ ಆ ತಂಡದವರು ಕಾರ್ಖಾನೆಯಿಂದ ಹೊಸ ವಿಮಾನ ಒಯ್ಯುತ್ತಿದ್ದರು, ಗುಂಡು ಹೊಡೆಯುವ ತರಬೇತಿಗಾಗಿ ಗುರಿಯನ್ನು ವಿಮಾನದ ಹಿಂದೆ ಕಟ್ಟಿ ಎಳೆಯುತ್ತಿದ್ದರು. 38 ಮಂದಿ ಸತ್ತರು, ಅಪಘಾತಗಳಲ್ಲೇ. ಆದರೆ ದಾಖಲೆಯಲ್ಲಿ ಅವರು ಸೇನೆಯವರಲ್ಲ, ನಾಗರಿಕರು. ಶವಪೆಟ್ಟಿಗೆಯ ಮೇಲೆ ಧ್ವಜ ಹೊದಿಸುವ ಹಕ್ಕಿಲ್ಲ. ದೇಹ ಊರಿಗೆ ಕಳಿಸಲು ಜೊತೆಗಾರ್ತಿಯರೇ ಚಂದಾ ಎತ್ತಿದ್ದುಂಟು. ಅವರಿಗೆ ಮಾಜಿ ಸೈನಿಕರ ಸ್ಥಾನ ಸಿಕ್ಕಿದ್ದು 1977ರಲ್ಲಿ.

ಇದಕ್ಕೆ ಎದುರಾಗಿ ಒಂದು ಒಳ್ಳೆಯ ಪದ್ಧತಿಯೂ ಇದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎರಡನೇ ಮಹಾಯುದ್ಧದ ಲೆಕ್ಕವನ್ನು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಇಟ್ಟಿದೆ. ಆ ನಡುವೆ ಸೇವೆಯಲ್ಲಿ ಸತ್ತವರೆಲ್ಲರಿಗೂ ಒಂದೇ ಗೌರವ. ಗುಂಡು ತಾಗಿತೋ, ಲಾರಿ ಉರುಳಿತೋ, ಮಲೇರಿಯಾ ಬಂತೋ, ಕೇಳುವುದಿಲ್ಲ. ಅಧಿಕಾರಿಗೂ ಸಿಪಾಯಿಗೂ, ಗಂಡಿಗೂ ಹೆಣ್ಣಿಗೂ ಒಂದೇ ಅಳತೆಯ ಕಲ್ಲು. ನೂರು ವರ್ಷದ ಹಿಂದೆಯೇ ಒಪ್ಪಿಕೊಂಡ ಈ ತತ್ವ ಪಿಂಚಣಿ ಕಚೇರಿಗೆ ಇನ್ನೂ ತಲುಪಿಲ್ಲ.

ಏನಾಯಿತು ಎಂದು ಮನೆಗೆ ಹೇಳುವವರು ಯಾರು?

ದುಡ್ಡಿಗಿಂತ ಮೊದಲು ಅಪ್ಪ ಅಮ್ಮ ಕೇಳುವುದು ಒಂದೇ: ಹೇಗಾಯಿತು? ಕೊನೆಗೆ ನೋವಾಯಿತಾ? ಯಾರಾದರೂ ಜೊತೆಯಲ್ಲಿದ್ದರಾ?

ಶಿರೂರು ಗುಡ್ಡ ಕುಸಿತವನ್ನು ನಾವು ಮರೆತಿಲ್ಲ. 2024ರ ಜುಲೈ 16ಕ್ಕೆ ಗುಡ್ಡ ಬಿತ್ತು. ಗಂಗಾವಳಿ ನದಿಯಲ್ಲಿ ನೌಕಾಪಡೆಯ ಮುಳುಗುಗಾರರು ಹುಡುಕಿದರು. ಕೇರಳದ ಲಾರಿಯೂ ಅದರ ಚಾಲಕನ ದೇಹವೂ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಆ ಎರಡು ತಿಂಗಳು ಆ ಮನೆ ಹೇಗಿತ್ತು ಎಂದು ಇಡೀ ದೇಶ ನೋಡಿತು. 2016ರ ಜುಲೈನಲ್ಲಿ ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನದಲ್ಲಿ 29 ಮಂದಿ ಇದ್ದರು. ಅದರ ಅವಶೇಷ ಕಂಡದ್ದು 2024ರ ಜನವರಿಯಲ್ಲಿ. ದೇಹ ಸಿಗದ ಮನೆಗೆ ದುಃಖ ಮುಗಿಯುವುದಿಲ್ಲ, ಅದರ ಜೊತೆ ಕಾಗದವೂ ಮುಗಿಯುವುದಿಲ್ಲ.

ಅಪಘಾತವಾದರೆ ವಿಚಾರಣೆ ಆಗುತ್ತದೆ. ಸೇನೆಯಲ್ಲಿ ಕೋರ್ಟ್ ಆಫ್ ಇನ್‌ಕ್ವೈರಿ, ನೌಕಾಪಡೆಯಲ್ಲಿ ಬೋರ್ಡ್ ಆಫ್ ಇನ್‌ಕ್ವೈರಿ. "ವಿಚಾರಣೆಗೆ ಆದೇಶಿಸಲಾಗಿದೆ" ಎಂಬ ಸಾಲು ಪ್ರತಿ ಸಲ ಪತ್ರಿಕೆಯಲ್ಲಿ ಬರುತ್ತದೆ. ವರದಿ ಏನು ಹೇಳಿತು ಎಂಬ ಸಾಲು ಬರುವುದು ತೀರಾ ಅಪರೂಪ. 2016ರ ಜೂನ್‌ನಲ್ಲಿ ಕಾರವಾರದಲ್ಲಿ ದುರಸ್ತಿಗೆ ನಿಂತಿದ್ದ ವಿಕ್ರಮಾದಿತ್ಯದಲ್ಲಿ ವಿಷಾನಿಲ ಸೋರಿ ಇಬ್ಬರು ಸತ್ತರು. ಒಬ್ಬರು ನೌಕಾ ಸಿಬ್ಬಂದಿ, ಇನ್ನೊಬ್ಬರು ನಾಗರಿಕ ಕೆಲಸಗಾರ. ಒಂದೇ ಜಾಗ, ಒಂದೇ ಅನಿಲ. ಮನೆಗೆ ಹೋದ ಕಾಗದ ಮಾತ್ರ ಬೇರೆ ಬೇರೆ ಕಾನೂನಿನದ್ದು.

ಮನೆಯವರಿಗೆ ಸತ್ಯ ತಿಳಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ನಿಮ್ರಾಡ್ ಪ್ರಕರಣ ಒಳ್ಳೆಯ ಉದಾಹರಣೆ. 2006ರ ಸೆಪ್ಟೆಂಬರ್ 2ರಂದು ಅಫ್ಘಾನಿಸ್ತಾನದಲ್ಲಿ ಯುದ್ಧ ಕರ್ತವ್ಯದಲ್ಲಿದ್ದ ನಿಮ್ರಾಡ್ ವಿಮಾನ, ಗಾಳಿಯಲ್ಲೇ ಇಂಧನ ತುಂಬಿಸಿಕೊಂಡ ಸ್ವಲ್ಪ ಹೊತ್ತಿನಲ್ಲಿ ಬೆಂಕಿ ಹತ್ತಿ ಬಿದ್ದಿತು. 14 ಮಂದಿ ಸತ್ತರು. ಶತ್ರು ಹೊಡೆದಿರಲಿಲ್ಲ. ಬ್ರಿಟನ್ನಿನಲ್ಲಿ ಇಂಥ ಸಾವಿನ ಬಗ್ಗೆ ಕರೋನರ್ ಎಂಬ ಸ್ವತಂತ್ರ ಅಧಿಕಾರಿ ತೆರೆದ ವಿಚಾರಣೆ ನಡೆಸುತ್ತಾರೆ. ಅಲ್ಲಿ ಕುಟುಂಬದವರು ಪ್ರಶ್ನೆ ಕೇಳಬಹುದು. ಕೇಳಿದರು. ಆ ಮಾದರಿಯ ವಿಮಾನ ಹಾರಲು ಯೋಗ್ಯವೇ ಆಗಿರಲಿಲ್ಲ ಎಂದು ಕರೋನರ್ 2008ರಲ್ಲಿ ಹೇಳಿದರು. ಮರುವರ್ಷ ಬಂದ ಹ್ಯಾಡನ್-ಕೇವ್ ಅವರ ಸ್ವತಂತ್ರ ಪರಿಶೀಲನಾ ವರದಿ, ಈ ಸಾವುಗಳನ್ನು ತಪ್ಪಿಸಬಹುದಿತ್ತು ಎಂದು ಬರೆದು, ಎಲ್ಲೆಲ್ಲಿ ಯಾರ್ಯಾರು ಎಡವಿದರು ಎಂದು ಹೆಸರು ಸಹಿತ ತೋರಿಸಿತು. 2010ರಲ್ಲಿ ಸೇನಾ ವಿಮಾನಗಳ ಸುರಕ್ಷತೆಗೆಂದೇ ಅಲ್ಲಿ ಹೊಸ ಪ್ರಾಧಿಕಾರ ಬಂತು. ಯುದ್ಧ ಅದರ ಪಾಡಿಗೆ ನಡೆಯುತ್ತಲೇ ಇತ್ತು. ಸತ್ಯ ಹೇಳಿದ್ದರಿಂದ ದೇಶದ ಭದ್ರತೆಗೆ ಧಕ್ಕೆ ಆಗಲಿಲ್ಲ. ಆಮೇಲೆ ಹಾರಿದವರ ಜೀವಕ್ಕೆ ಅನುಕೂಲವಾಯಿತು.

ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ಮಾಹಿತಿ ಹಕ್ಕಿನಡಿ ಕೇಳಿದರೆ ಭದ್ರತೆಯ ಕಾರಣ ಕೊಟ್ಟು ನಿರಾಕರಿಸಲು ಅವಕಾಶವಿದೆ. ರಹಸ್ಯ ಇರಬೇಕಾದ ಸಾಲುಗಳನ್ನು ಅಳಿಸಿ ಉಳಿದದ್ದನ್ನು ಕುಟುಂಬಕ್ಕೆ ಕೊಡುವುದು ಕಷ್ಟವೇನಲ್ಲ. ಸಂಸದರೂ ಶಾಸಕರೂ ಮೆರವಣಿಗೆಯಲ್ಲಿ ಹೂವಿನ ಹಾರ ಹಾಕುವಷ್ಟೇ ಆಸಕ್ತಿಯಿಂದ ಈ ಒಂದು ವಿಷಯ ಹಿಡಿದರೆ ಕೆಲಸ ಆಗುತ್ತದೆ.

ಅಲ್ಲಿಯವರೆಗೆ ಮನೆಯವರೇ ಮಾಡಬೇಕಾದ ಕೆಲಸ ಇದೆ. ಮೊದಲ ವರದಿಯಲ್ಲಿ ಸಾವನ್ನು ಯಾವ ವರ್ಗದಲ್ಲಿ ಬರೆದಿದ್ದಾರೆ ಎಂದು ಘಟಕದ ಕಮಾಂಡಿಂಗ್ ಅಧಿಕಾರಿಯನ್ನು ಬರವಣಿಗೆಯಲ್ಲಿ ಕೇಳಿ. ಪೊಲೀಸರು ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ ದಾಖಲಿಸಿದ್ದರೆ ಅದರ ಪ್ರತಿ ಮತ್ತು ಮರಣೋತ್ತರ ಪರೀಕ್ಷೆಯ ವರದಿ ತೆಗೆದುಕೊಳ್ಳಿ. ಮಗಳು ರಜೆಯಿಂದ ಕರ್ತವ್ಯಕ್ಕೆ ಮರಳುವ ದಾರಿಯಲ್ಲಿ ಸತ್ತಿದ್ದರೆ ಅವಳನ್ನು ವಾಪಸ್ ಕರೆಸಿದ ಮೆಸೇಜು, ರೈಲಿನ ಟಿಕೆಟು ಎಲ್ಲ ಎತ್ತಿಡಿ. ರಜೆಗೆ ಹೊರಟ ಯೋಧನೊಬ್ಬ ರೈಲಿನಿಂದ ಬಿದ್ದು ಕೈ ಕಳೆದುಕೊಂಡ ಪ್ರಕರಣದಲ್ಲಿ, ಅವನು ಕರ್ತವ್ಯದಲ್ಲೇ ಇದ್ದ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಒಪ್ಪಿತ್ತು. ಆದರೆ ರಜೆಯಲ್ಲಿ ಮನೆಯಲ್ಲಿದ್ದಾಗ ಆದ ಅಪಘಾತಕ್ಕೆ ಸೇವೆಯ ಸಂಬಂಧ ತೋರಿಸಲೇಬೇಕು ಎಂದು 2015ರಲ್ಲಿ ಹೇಳಿದೆ. ಇಂಥಲ್ಲಿ ಆ ಮೆಸೇಜೇ ಸಾಕ್ಷಿ.

ವರ್ಗ ತಪ್ಪಾಗಿದೆ ಅನಿಸಿದರೆ ಮೊದಲು ಇಲಾಖೆಗೆ ಮೇಲ್ಮನವಿ. ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕಕ್ಕೆ ಅದರ ಪೀಠ ಇರುವುದು ಕೊಚ್ಚಿಯಲ್ಲಿ. ಕಾರವಾರದಿಂದ ಕೊಂಕಣ ರೈಲು ಹಿಡಿದು ಒಂದು ರಾತ್ರಿಯ ದಾರಿ. ಅಂತಿಮ ಆದೇಶ ಕೈಗೆ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು, ಆದರೆ ಅದಕ್ಕೇ ಇನ್ನೊಂದಿಷ್ಟು ತಿಂಗಳು ಹೋಗುತ್ತವೆ. ಭಾಷೆ ಬಾರದ ಅಪ್ಪ ಅಮ್ಮನ ಜೊತೆ ಹೋಗಲು ಊರಿನ ಮಾಜಿ ಸೈನಿಕರ ಸಂಘದವರು ಒಬ್ಬರಾದರೂ ಸಿದ್ಧರಿರಲಿ. ವಿಚಾರಣಾ ವರದಿಯ ಪ್ರತಿ ಬೇಕೆಂಬ ಅರ್ಜಿಯನ್ನು ಮೊದಲ ತಿಂಗಳಲ್ಲೇ ಹಾಕಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ.